ಥಾಯ್ ಊಟ ಮತ್ತು ಸಸ್ಯಾಹಾರಿ

ಪ್ರಶ್ನೆ: ನಾನು ಸಸ್ಯಾಹಾರಿ. ಸಣ್ಣ ಥಾಯ್ ರೆಸ್ಟೋರೆಂಟಿನಲ್ಲಿ ಸ್ನೇಹಿತರೊಡನೆ ಉಣ್ಣುವಾಗ ಏನನ್ನು ಗಮನಿಸಬೇಕು?

ಉತ್ತರ: ತರಕಾರಿಯದೆಂದು ಬರೆದಿರುವ ಖಾದ್ಯದಲ್ಲೂ ಮೀನಿನ ಸಾಸ್ ಇರಬಹುದು. ಹಸಿರು ಮತ್ತು ಕೆಂಪು ಕರಿಗಳ ಮಸಾಲೆಯಲ್ಲಿ ಸಾಮಾನ್ಯವಾಗಿ ‘ಕಪಿ’ ಎಂಬ, ಸೀಗಡಿಯನ್ನು ಹುದುಗಿಸಿ ಮಾಡಿದ ಮುದ್ದೆ ಸೇರಿರುತ್ತದೆ. ಆ ಮಸಾಲೆಯನ್ನು ಮೊದಲೇ ಅರೆದಿಟ್ಟಿರುವುದರಿಂದ ಅದರಿಂದ ಕಪಿಯನ್ನು ಆಮೇಲೆ ತೆಗೆಯಲಾಗದು. ಆದ್ದರಿಂದ ಮಾಂಸ ಬೇಡವೆಂದರಷ್ಟೇ ಸಾಲದು, ಇವೆರಡನ್ನೂ ಹೆಸರಿಸಿಯೇ ವಿಚಾರಿಸಿ. ಥಾಯ್ ಭಾಷೆಯಲ್ಲಿ ‘ಜೇ’ ಎಂದರೆ ಮೀನು, ಮಾಂಸ, ಮೊಟ್ಟೆ, ಹಾಲುಗಳ ಜೊತೆಗೆ ಬೆಳ್ಳುಳ್ಳಿಯನ್ನೂ ಬಿಟ್ಟ ಅಡುಗೆ. ನನಗೆ ಇದು ಅತ್ಯಂತ ಉಪಯುಕ್ತ ಪದವೆನಿಸುತ್ತದೆ. ಖಾದ್ಯಗಳನ್ನು ನಡುವೆ ಇಟ್ಟು ಎಲ್ಲರೂ ಹಂಚಿಕೊಳ್ಳುವುದು ಥಾಯ್ ರೂಢಿಯಾದ್ದರಿಂದ, ನಿಮ್ಮ ಬಟ್ಟಲಿನ ಚಮಚ ಪ್ರತ್ಯೇಕವಾಗಿರುವಂತೆ ಸ್ನೇಹಿತರಿಗೆ ಮೊದಲೇ ತಿಳಿಸಿರಿ. ಸಾರಿನಲ್ಲಿ ತೇಲುವ ಮಜ್ಜಿಗೆ ಹುಲ್ಲಿನ ತುಂಡುಗಳು ಪರಿಮಳಕ್ಕಷ್ಟೇ, ಅವನ್ನು ಅಗಿಯಬೇಕಿಲ್ಲ.