ಟ್ಯಾಲಿಯೂ ಇರಲಿ, ಉಬುಂಟುವೂ ಇರಲಿ

ಪ್ರಶ್ನೆ: ನಮ್ಮದು ಬ್ರಹ್ಮಾವರದಲ್ಲಿ ದಿನಸಿ ಅಂಗಡಿ. ಮನೆಯಲ್ಲಿರುವುದು 2016ರಲ್ಲಿ ತಗೊಂಡ ಒಂದೇ ಡೆಸ್ಕ್‌ಟಾಪ್. ಇಂಟೆಲ್ ಐ3, 6ನೇ ಜನರೇಶನ್, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಅಂಗಡಿಯ ಲೆಕ್ಕ ಪೂರ್ತಿ ಟ್ಯಾಲಿಯಲ್ಲಿದೆ. ಮಗಳು ಇಂಜಿನಿಯರಿಂಗ್ ಸೇರಿದ್ದಾಳೆ, ವಿಂಡೋಸ್ ಹಾಗಿನ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಉಬುಂಟು ಬೇಕೇ ಬೇಕು ಅಂತಾಳೆ. ಎರಡನ್ನೂ ಹಾಕಿದರೆ ಕಂಪ್ಯೂಟರ್ ನಿಧಾನ ಆಗುತ್ತದಾ? ನನ್ನ ಲೆಕ್ಕ ಹೋಗುತ್ತದಾ?
- ಒಬ್ಬ ಅಂಗಡಿಯವರು, ಬ್ರಹ್ಮಾವರ

ಉತ್ತರ: ಧಾರಾಳವಾಗಿ ಹಾಕಬಹುದು ಮಾರಾಯ್ರೇ. ನಿಧಾನ ಆಗುವುದಿಲ್ಲ, ಯಾಕೆಂದರೆ ಎರಡೂ ಒಟ್ಟಿಗೆ ಓಡುವುದೇ ಇಲ್ಲ. ಒಂದೇ ಮನೆಯಲ್ಲಿ ಎರಡು ಒಲೆ ಇದ್ದ ಹಾಗೆ, ಒಂದು ಉರಿಯುವಾಗ ಇನ್ನೊಂದು ಆರಿರುತ್ತದೆ. ಆನ್ ಮಾಡಿದ ಕೂಡಲೇ ಗ್ರಬ್ ಅನ್ನುವ ಮೆನು ಬರುತ್ತದೆ, ಬಾಣದ ಕೀಯಿಂದ ಬೇಕಾದ್ದನ್ನು ಆರಿಸಿ ಎಂಟರ್ ಒತ್ತಿದರೆ ಆಯಿತು.

ಲೆಕ್ಕದ ವಿಷಯಕ್ಕೆ ಮಾತ್ರ ಸ್ವಲ್ಪ ಜಾಗ್ರತೆ ಬೇಕು. ಕೆಲವು ವರ್ಷದ ಹಿಂದೆ ಅಕ್ಟೋಬರ್‌ನ ಒಂದು ಸಂಜೆ ಉಡುಪಿಯ ನಮ್ಮ ಮನೆಯಲ್ಲಿ ನಾನು ಇದೇ ಕೆಲಸಕ್ಕೆ ಕೂತಿದ್ದೆ. ಪಾರ್ಟಿಶನ್, ಅಂದರೆ ಡಿಸ್ಕ್‌ನ ಒಂದು ಭಾಗ, ಕಿರಿದು ಮಾಡುವ ಕೆಲಸ ಅರ್ಧ ಆಗಿತ್ತು ಅಷ್ಟೆ, ಹೊರಗೆ ದೊಡ್ಡದೊಂದು ಸಿಡಿಲು, ಕರೆಂಟ್ ಹೋಯಿತು. ಯುಪಿಎಸ್ ಇರಲಿಲ್ಲ. ಕರೆಂಟ್ ಬಂದ ಮೇಲೆ ಡಿ ಡ್ರೈವ್ ತೆರೆಯಲೇ ಇಲ್ಲ. ಅಮ್ಮನ ಹಳೇ ಫೋಟೊಗಳು ಅದರಲ್ಲೇ ಇದ್ದವು, ಬೇರೆಲ್ಲೂ ಇರಲಿಲ್ಲ. ಇವತ್ತಿಗೂ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಮೊದಲು ಟ್ಯಾಲಿಯ ಬ್ಯಾಕಪ್ ತೆಗೆದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿ. ಅಷ್ಟಕ್ಕೇ ಬಿಡಬೇಡಿ, ಆ ಡಿಸ್ಕನ್ನು ಟ್ಯಾಲಿ ಇರುವ ಬೇರೊಂದು ಕಂಪ್ಯೂಟರ್‌ಗೆ ಸಿಕ್ಕಿಸಿ, ರಿಸ್ಟೋರ್ ಮಾಡಿ, ನಿನ್ನೆಯ ಬಿಲ್ ಕಾಣುತ್ತದಾ ನೋಡಿ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ವಾರ ಈ ಕೆಲಸ ಬೇಡ. ಗುಡುಗು ಸಿಡಿಲಿನ ದಿನವಂತೂ ಬೇಡವೇ ಬೇಡ. ಯುಪಿಎಸ್ ಇಲ್ಲದಿದ್ದರೆ ಯಾರ ಹತ್ತಿರವಾದರೂ ಒಂದು ದಿನದ ಮಟ್ಟಿಗೆ ಕೇಳಿ ತನ್ನಿ.

ಆಮೇಲೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಡಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಶ್ರಿಂಕ್ ವಾಲ್ಯೂಮ್ ಆರಿಸಿ. ಅಲ್ಲಿ ಅಳತೆ ಎಂಬಿಯಲ್ಲಿ ಕೇಳುತ್ತದೆ, 100 ಜಿಬಿ ಬೇಕಾದರೆ 102400 ಅಂತ ಬರೆಯಬೇಕು. ಉಬುಂಟುವಿಗೆ 25 ಜಿಬಿ ಇದ್ದರೂ ನಡೆಯುತ್ತದೆ, ಆದರೆ ಮಗಳು ಓದುವವಳು, ಜಾಸ್ತಿ ಇರಲಿ. ಸಿ ಡ್ರೈವ್‌ನಲ್ಲಿ ಜಾಗ ಬೇಕಾದಷ್ಟು ಇದ್ದರೂ ಕೆಲವೊಮ್ಮೆ ಸ್ವಲ್ಪವೇ ಬಿಟ್ಟುಕೊಡುತ್ತದೆ, ಜರುಗಿಸಲಾಗದ ಸಿಸ್ಟಮ್ ಫೈಲ್‌ಗಳು ನಡುವೆ ಕೂತಿರುತ್ತವೆ, ಅದಕ್ಕೇ ಡಿ ಅಂದದ್ದು. ಶ್ರಿಂಕ್ ಆದ ಮೇಲೆ ಕಪ್ಪು ಪಟ್ಟಿಯ ಖಾಲಿ ಜಾಗ ಕಾಣುತ್ತದೆ. ಅದನ್ನು ಹಾಗೇ ಬಿಡಿ, ಫಾರ್ಮ್ಯಾಟ್ ಮಾಡಬೇಡಿ. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಆಗ ಉಬುಂಟುವಿನಿಂದ ಡಿ ಡ್ರೈವ್‌ಗೆ ಏನೂ ಬರೆಯಲಿಕ್ಕೆ ಆಗುವುದಿಲ್ಲ. ಬಿಟ್‌ಲಾಕರ್ ಅನ್ನುವ ಡಿಸ್ಕ್ ಬೀಗ ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಡಿ.

8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು, ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ ಅನ್ನುವುದು ನೆನಪಿರಲಿ. ಉಬುಂಟು ಫೈಲ್ ಇಳಿಸಿಕೊಂಡು ರೂಫಸ್ ಅನ್ನುವ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಹಾಕಿ. ಅದರಿಂದಲೇ ಕಂಪ್ಯೂಟರ್ ಶುರು (ಬೂಟ್) ಮಾಡಿದಾಗ ಟ್ರೈ ಉಬುಂಟು ಅಂತ ಇರುತ್ತದೆ. ಒಂದು ಗಂಟೆ ಅದರಲ್ಲೇ ಆಡಿ, ಪ್ರಿಂಟರ್, ವೈಫೈ ಎಲ್ಲ ನೋಡಿ, ಡಿಸ್ಕ್‌ಗೆ ಏನೂ ಆಗುವುದಿಲ್ಲ. ಹಾಕುವಾಗ ವಿಂಡೋಸ್ ಜೊತೆಗೆ ಹಾಕು ಅನ್ನುವ ಆಯ್ಕೆಯನ್ನೇ ಒತ್ತಿ. ಇರೇಸ್ ಡಿಸ್ಕ್ ಅನ್ನುವ ಸಾಲನ್ನು ಒತ್ತಿದರೆ ಟ್ಯಾಲಿ, ವಿಂಡೋಸ್ ಎಲ್ಲಾ ಹೋಯಿತು. ಆ ಹೊತ್ತಿಗೆ ಮಗಳ ಪಕ್ಕದಲ್ಲಿ ನೀವೂ ಕೂತಿರಿ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳಬೇಕು. ವಿಂಡೋಸ್ 10ರ ಮಾಮೂಲಿ ಬೆಂಬಲ, ಅಂದರೆ ಸುರಕ್ಷತೆಯ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಇಂಟೆಲ್‌ನಲ್ಲಿ 8ನೇ ಜನರೇಶನ್ ಆದರೂ ಇರಬೇಕು, ನಿಮ್ಮದು 6. ಅದಕ್ಕೇ ವಿಂಡೋಸನ್ನು ಟ್ಯಾಲಿಗೆ ಮಾತ್ರ ಇಟ್ಟುಕೊಳ್ಳಿ. ಬ್ಯಾಂಕ್, ಮೇಲ್, ಯೂಟ್ಯೂಬ್ ಎಲ್ಲ ಉಬುಂಟುವಿನಲ್ಲಿ ಮಾಡಿ. 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟುವಿನ ದೀರ್ಘಕಾಲ ಬೆಂಬಲದ ಆವೃತ್ತಿ 24.04 ಎಲ್‌ಟಿಎಸ್‌ಗೆ 5 ವರ್ಷ ಅಪ್‌ಡೇಟ್ ಉಂಟು. ಮಗಳಿಗಾಗಿ ಹಾಕುವುದು ನಿಮಗೇ ಜಾಸ್ತಿ ಉಪಕಾರ ಆದೀತು.

ಪ್ರಶ್ನೆ: ಎರಡೂ ಹಾಕಿ ಒಂದು ತಿಂಗಳಾಯಿತು. ಉಬುಂಟುವಿನಿಂದ ವಿಂಡೋಸ್‌ಗೆ ಬಂದರೆ ಗಡಿಯಾರ ತಪ್ಪು ತೋರಿಸುತ್ತದೆ. ಮದರ್‌ಬೋರ್ಡ್‌ನ ಬ್ಯಾಟರಿ ಹಾಳಾಯಿತಾ?
- ವಿದ್ಯಾರ್ಥಿ, ಸುರತ್ಕಲ್

ಉತ್ತರ: ಎಷ್ಟು ಹಿಂದೆ ಇದೆ ಅಂತ ಲೆಕ್ಕ ಹಾಕಿ ನೋಡಿ. ಸರಿಯಾಗಿ ಐದೂವರೆ ಗಂಟೆ ಇದ್ದರೆ ಬ್ಯಾಟರಿಗೆ ಏನೂ ಆಗಿಲ್ಲ, ಸುಮ್ನೆ ದುಡ್ಡು ಹಾಕಬೇಡಿ. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಉಬುಂಟು ಇಡುವುದು ಯುಟಿಸಿ ಸಮಯ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ, ವಿಂಡೋಸ್ ಅದನ್ನೇ ನಮ್ಮ ಊರಿನ ಸಮಯ ಅಂದುಕೊಳ್ಳುತ್ತದೆ. ಬೆಳಿಗ್ಗೆ 9ಕ್ಕೆ ವಿಂಡೋಸ್ 3:30 ತೋರಿಸುವುದು ಅದಕ್ಕೇ. ಉಬುಂಟುವಿನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಅಂತ ಬರೆದು, ಜಾಗ ಬಿಟ್ಟು ಸೆಟ್-ಲೋಕಲ್-ಆರ್‌ಟಿಸಿ, ಮತ್ತೆ ಜಾಗ ಬಿಟ್ಟು 1 ಅಂತ ಕೊಡಿ (timedatectl set-local-rtc 1). ಆಮೇಲೆ ವಿಂಡೋಸ್‌ನಲ್ಲಿ ಒಂದು ಸಲ ಸಮಯ ಸರಿ ಮಾಡಿದರೆ ಮತ್ತೆ ತಪ್ಪುವುದಿಲ್ಲ.