ಬಿಸಿಲಿಗೆ ಯಾವ ಟೈರು, ಹವಾ ಎಷ್ಟು?

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕಿ. ಅಮ್ಮನ ಡಯಾಲಿಸಿಸ್‌ಗೆ ವಾರಕ್ಕೆ ಎರಡು ಸಲ ಕಲಬುರಗಿಗೆ ಬರಬೇಕು. ಸ್ವಿಫ್ಟ್ ಕಾರು ನಾನೇ ಓಡಿಸುತ್ತೇನೆ. ಟೈರು 185/65 ಆರ್ 15. ಈಗ 48 ಸಾವಿರ ಕಿ.ಮೀ. ಓಡಿ ಬಟನ್ (ನೆಲ ಹಿಡಿಯುವ ರಬ್ಬರ್ ತುಂಡುಗಳು) ಸವೆದಿವೆ. ಬೆಂಗಳೂರಿನಲ್ಲಿರುವ ಮಗ ‘ಸಮ್ಮರ್ ಪರ್ಫಾರ್ಮೆನ್ಸ್ ಟೈರು ಹಾಕಿಸು’ ಅನ್ನುತ್ತಾನೆ. ಅದರ ರೇಟು ನನಗೆ ಎಟುಕುವುದಿಲ್ಲ. ಪಕ್ಕದ ಮನೆಯವರು ‘ಯಾವ ಟೈರಾದರೂ ಆಗಲಿ, ಬೇಸಿಗೆಯಲ್ಲಿ ಹವಾ ಕಡಿಮೆ ಇಡಿ’ ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಶಹಾಪುರ

ಉತ್ತರ: ಅಕ್ಕೋರೆ, ಮೊದಲು ಹವಾದ ಮಾತು. ಟೈರು ಆಮೇಲೆ. ಬೇಸಿಗೆಯಲ್ಲಿ ಹವಾ ಕಡಿಮೆ ಮಾಡಬೇಡಿ. ದಯವಿಟ್ಟು ಮಾಡಬೇಡಿ.

ಇದನ್ನು ನಾನು ನೋವುಂಡು ಕಲಿತಿದ್ದೇನೆ. 2016ರ ಮೇ ತಿಂಗಳು, ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಹುಮನಾಬಾದಿಗೆ ಮದುವೆಗೆ ಹೊರಟಿದ್ದೆ. ಆಗಲೇ ನನ್ನ ಗ್ಯಾರೇಜಿಗೆ ಹದಿನೈದು ವರ್ಷ ಆಗಿತ್ತು. ಆದರೂ ಎಲ್ಲರೂ ಹೇಳುತ್ತಾರಲ್ಲ ಅಂತ 33 ಪಾಯಿಂಟ್ (ಪಿಎಸ್‌ಐ) ಇರಬೇಕಾದಲ್ಲಿ 27 ಹವಾ ಇಟ್ಟಿದ್ದೆ. ಕಮಲಾಪುರ ದಾಟಿದ ಮೇಲೆ ಹಿಂದಿನ ಎಡ ಟೈರು ಒಡೆಯಿತು. ಗಾಡಿ ರಸ್ತೆ ಬಿಟ್ಟು ಬಿರುಕು ಬಿಟ್ಟ ಎರೆಹೊಲದಲ್ಲಿ ಹೋಗಿ ನಿಂತಿತು. ಮಗಳ ಹಣೆಗೆ ಮೂರು ಹೊಲಿಗೆ ಬಿದ್ದವು. ಮರುದಿನ ಟೈರು ಬಿಚ್ಚಿದರೆ ಒಳಗೆ ಸುತ್ತಲೂ ಕರಿ ರಬ್ಬರಿನ ಪುಡಿ. ಹವಾ ಸಾಲದೆ ಟೈರಿನ ಪಕ್ಕೆ ಮಡಚಿ ಮಡಚಿ ತನ್ನನ್ನು ತಾನೇ ಅರೆದುಕೊಂಡಿತ್ತು. ಆ ಪುಡಿಯನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಕೂತಿದ್ದೆ. ಅದುವರೆಗೆ ಗಿರಾಕಿಗಳಿಗೂ ನಾನು ಅದನ್ನೇ ಹೇಳುತ್ತಿದ್ದೆ.

ಬಿಸಿಲಿಗೆ ಹವಾ ಉಬ್ಬುವುದು ನಿಜ. ಟೈರು ಐದಾರು ಡಿಗ್ರಿ ಬಿಸಿಯಾದರೆ ಸುಮಾರು ಒಂದು ಪಾಯಿಂಟ್ ಏರುತ್ತದೆ. ಕಂಪನಿಯವರು ಅದನ್ನು ಲೆಕ್ಕ ಹಿಡಿದೇ ಟೈರು ಮಾಡಿರುತ್ತಾರೆ. ಹವಾ ಕಡಿಮೆ ಇದ್ದರೆ ಮಾತ್ರ ಪ್ರತಿ ಸುತ್ತಿಗೂ ಪಕ್ಕೆ ಜಾಸ್ತಿ ಬಾಗುತ್ತದೆ, ಒಳಗೇ ಕಾವು ಹುಟ್ಟುತ್ತದೆ. ರಬ್ಬರಿನಿಂದ ಆ ಕಾವು ಬೇಗ ಹೊರಗೆ ಹೋಗುವುದಿಲ್ಲ. ಕೊನೆಗೆ ರಬ್ಬರು, ಒಳಗಿನ ದಾರ ಬಿಟ್ಟುಕೊಳ್ಳುತ್ತವೆ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಸ್ಟಿಕರ್ ಇದೆ. ಅದರಲ್ಲಿ ಬರೆದಷ್ಟೇ ಇಡಿ. ಬೆಳಗ್ಗೆ ಹೊರಡುವ ಮುಂಚೆ, ಟೈರು ತಣ್ಣಗಿರುವಾಗ ನೋಡಿ. ಒಂದು ಗೇಜ್ ಮನೆಯಲ್ಲೇ ಇರಲಿ. ಬೆಳಗ್ಗೆ 33 ಇದ್ದದ್ದು ಮಧ್ಯಾಹ್ನ ಜೇವರ್ಗಿಯಲ್ಲಿ 37, 38 ತೋರಿಸಿದರೆ ಹೆದರಿ ಹವಾ ಬಿಡಿಸಬೇಡಿ.

ಈಗ ಮಗನ ಮಾತು. ‘ಸಮ್ಮರ್ ಟೈರು’ ಅನ್ನುವುದು ಹಿಮ ಬೀಳುವ ದೇಶಗಳ ಹೆಸರು. ಅಲ್ಲಿ ಚಳಿಗಾಲಕ್ಕೆ ಬೇರೆ ಮೆತ್ತನೆ ಟೈರು ಹಾಕುತ್ತಾರೆ. 7 ಡಿಗ್ರಿಗಿಂತ ಬೆಚ್ಚಗಾದ ಮೇಲೆ ತೆಗೆದು ಗಟ್ಟಿ ರಬ್ಬರಿನದು ಹಾಕುತ್ತಾರೆ. ಅದೇ ಸಮ್ಮರ್ ಟೈರು. ನಮ್ಮ ಅಂಗಡಿಗಳಲ್ಲಿ ಕಾರಿಗೆ ಸಿಗುವುದು ಹೆಚ್ಚುಕಡಿಮೆ ಎಲ್ಲವೂ ಆ ಜಾತಿಯದೇ. ‘ಪರ್ಫಾರ್ಮೆನ್ಸ್’ ಅಂದರೆ ಜೋರು ಓಟಕ್ಕೆ, ತಿರುವಿನ ಹಿಡಿತಕ್ಕೆ ಮಾಡಿದ್ದು. ಅದರ ರಬ್ಬರು ಸಾಮಾನ್ಯವಾಗಿ ಬೇಗ ಸವೆಯುತ್ತದೆ. ನಿಮ್ಮದು ವಾರಕ್ಕೆ ಎರಡು ಸಲ, ಹೋಗಿ ಬರಲು 150 ಕಿ.ಮೀ. ಅಂತ ಹಿಡಿದರೂ ವರ್ಷಕ್ಕೆ 15 ಸಾವಿರ ದಾಟುತ್ತದೆ. ಆ ದುಡ್ಡು ಅಮ್ಮನ ಔಷಧಿಗೆ ಇರಲಿ.

ಟೈರಿನ ಮೇಲೆ ಸೈಜಿನ ಪಕ್ಕ ಒಂದು ಅಂಕಿ, ಒಂದು ಅಕ್ಷರ ಇರುತ್ತವೆ. 88 ಅಂದರೆ ಒಂದು ಟೈರು 560 ಕಿಲೋ ಹೊರುತ್ತದೆ. ಟಿ ಅಂದರೆ ಗಂಟೆಗೆ 190 ಕಿ.ಮೀ. ವೇಗ ತಡೆಯುತ್ತದೆ, ಎಚ್ ಅಂದರೆ 210. ಈಗಿನ ಟೈರಿನಲ್ಲಿ ಇರುವುದಕ್ಕಿಂತ ಕಡಿಮೆಯದು ಬೇಡ. ಹೆಚ್ಚಿನದಕ್ಕೆ ದುಡ್ಡು ಸುರಿಯುವುದೂ ಬೇಡ. ಎಂಆರ್‌ಎಫ್, ಅಪೋಲೊ, ಸಿಯೆಟ್, ಜೆಕೆ – ಯಾವುದಾದರೂ ಒಂದರ ಸಾದಾ ಮಾದರಿ ಸಾಕು. ಲಕ್ಷ ಕಿ.ಮೀ. ಬಾಳುತ್ತದೆ ಅಂತ ಹೇಳಿ ಮಾರುವುದನ್ನು ಮಾತ್ರ ನಿಮಗೆ ನಾನು ಕೊಡಲಾರೆ. ಬಾಳಿಕೆಗಾಗಿ ರಬ್ಬರು ಗಟ್ಟಿ ಮಾಡಿದರೆ ಮಳೆಯಲ್ಲಿ ಹಿಡಿತ ಸ್ವಲ್ಪ ಕಡಿಮೆಯಾಗುತ್ತದೆ. ಜೂನ್ ಬಂದರೆ ಹೊಲದಿಂದ ಏರುವ ಟ್ರಾಕ್ಟರುಗಳು ರಸ್ತೆ ತುಂಬ ಎರೆಮಣ್ಣು ಉದುರಿಸುತ್ತವೆ. ಒಂದು ಹನಿ ಮಳೆ ಬಿದ್ದರೆ ಸಾಬೂನು ಬಳಿದ ಹಾಗೆ. ಕಟ್ಟಿಸಂಗಾವಿ ಸೇತುವೆ ಹತ್ತಿರ ನೀವು ಬ್ರೇಕ್ ಒತ್ತಿದಾಗ ಗಾಡಿ ನಿಲ್ಲಬೇಕು, ಅಲ್ವಾ?

ಹೆಸರಿಗಿಂತ ತಾರೀಖು ಮುಖ್ಯ. ಟೈರಿನ ಪಕ್ಕೆಯ ಮೇಲೆ ‘ಡಾಟ್’ (DOT) ಅಂತ ಬರೆದ ಸಾಲಿನ ಕೊನೆಗೆ ನಾಲ್ಕು ಅಂಕಿ ಹುಡುಕಿ. 2325 ಇದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ಒಂದು ವರ್ಷಕ್ಕಿಂತ ಹಳೆಯದಾದರೆ ಬೇರೆ ತೋರಿಸಿ ಅನ್ನಿ. ಅಂಗಡಿ ಮುಂದೆ ಬಿಸಿಲಿಗೆ ಪೇರಿಸಿಟ್ಟದ್ದು ಹೊಸದಾದರೂ ಬೇಡ. ಐಎಸ್‌ಐ ಗುರುತು ಇರಲಿ. ಬಿಲ್ ಕೇಳಿ ತೊಗೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೇ ರೇಟು ಹೇಳಿದರೆ ಇದನ್ನು ನೆನಪಿಸಿ.

ನಾಲ್ಕಕ್ಕೂ ಒಮ್ಮೆಲೇ ದುಡ್ಡು ಹೊಂದದಿದ್ದರೆ ಈಗ ಎರಡು, ಮಳೆಗೆ ಮುಂಚೆ ಇನ್ನೆರಡು ಹಾಕಿಸಿ. ಹೊಸ ಎರಡನ್ನು ಹಿಂದೆ ಹಾಕಿಸಿ. ಅಂಗಡಿಯ ಹುಡುಗ ಮುಂದೆ ಹಾಕಲು ಹೊರಡುತ್ತಾನೆ, ಬೇಡ ಅನ್ನಿ. ಹಸಿ ರಸ್ತೆಯಲ್ಲಿ ಮುಂದಿನದು ಜಾರಿದರೆ ವೇಗ ಇಳಿಸಿ ಸ್ಟೇರಿಂಗ್ ಸಂಭಾಳಿಸಬಹುದು. ಹಿಂದಿನದು ಜಾರಿದರೆ ಗಾಡಿಯೇ ಗಿರಕಿ ಹೊಡೆಯುತ್ತದೆ. ಆದರೆ ಮುಂದೆ ಉಳಿಯುವ ಹಳೇ ಟೈರುಗಳ ಬಟನ್‌ಗಳ ನಡುವಿನ ಸಂದಿಯಲ್ಲಿ 1.6 ಮಿ.ಮೀ. ಎತ್ತರದ ಸಣ್ಣ ದಿಬ್ಬ ಇರುತ್ತದೆ. ಬಟನ್ ಅದರ ಮಟ್ಟಕ್ಕೆ ಇಳಿದಿದ್ದರೆ, ಇಲ್ಲವೇ ಪಕ್ಕೆಯಲ್ಲಿ ಬಿರುಕು, ಉಬ್ಬು ಕಂಡರೆ, ಕಾಯಬೇಡಿ. ಸಾಲ ಮಾಡಿಯಾದರೂ ನಾಲ್ಕೂ ಬದಲಿಸಿ. ಸೆಕೆಂಡ್ ಹ್ಯಾಂಡ್ ಟೈರಿನ ಕಡೆ ನೋಡಲೇಬೇಡಿ. ಸ್ಟೆಪ್ನಿಗೂ ಹವಾ ನೋಡಿಸಿ, ರಬ್ಬರಿನ ವಾಲ್ವ್ ಹೊಸದು ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ. ಅಮ್ಮನನ್ನು ಕರೆದುಕೊಂಡು ಮಧ್ಯಾಹ್ನ ಮರಳುವಾಗ 80 ದಾಟಬೇಡಿ.

ಪ್ರಶ್ನೆ: ಟೈರಿಗೆ ನೈಟ್ರೋಜನ್ ತುಂಬಿಸಿದ್ದೇನೆ. ಊರಿಗೆ ಹೋಗುವಾಗ ದಾರಿಯಲ್ಲಿ ನೈಟ್ರೋಜನ್ ಸಿಗುವುದಿಲ್ಲ. ಸಾದಾ ಹವಾ ಬೆರೆಸಿದರೆ ಕೆಡುತ್ತದೆಯೇ?
– ಓದುಗರೊಬ್ಬರು, ಬೀದರ್

ಉತ್ತರ: ಏನೂ ಕೆಡುವುದಿಲ್ಲ ಅಣ್ಣಾ. ಸಾದಾ ಹವಾದಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಬರೀ ನೈಟ್ರೋಜನ್ ಆದರೆ ತೇವ ಇರುವುದಿಲ್ಲ, ಸ್ವಲ್ಪ ನಿಧಾನವಾಗಿ ಇಳಿಯುತ್ತದೆ, ಅಷ್ಟೇ. ಅದು ಸಿಗಲಿ ಅಂತ ಕಡಿಮೆ ಹವಾದಲ್ಲೇ ಓಡಿಸುವುದು ತಪ್ಪು. ಹುಮನಾಬಾದಿನ ಪಂಕ್ಚರ್ ಅಂಗಡಿಯಲ್ಲಿ ಸಾದಾ ಹವಾ ಸಿಕ್ಕರೆ ಅದನ್ನೇ ಹೊಡಿಸಿಕೊಂಡು ಮುಂದೆ ಹೋಗಿ.