ವಾಪಸ್ ಹೋಗುವ ತೀರ್ಮಾನ ಡಿಸೆಂಬರ್‌ನಲ್ಲಿ ಬೇಡ

"ಅಕ್ಕಾ, ನೀವು ಇಷ್ಟು ವರ್ಷ ಇಲ್ಲಿ ಹೇಗೆ ನೆಮ್ಮದಿಯಾಗಿದ್ದೀರಿ?" ಅಂತ ಕೇಳಿದ್ದೀಯ. ಆಗಸ್ಟ್‌ನಲ್ಲಿ ದಾವಣಗೆರೆಯಿಂದ ಸ್ವೀಡನ್ನಿನ ಸ್ಟಾಕ್‌ಹೋಮ್‌ಗೆ ಬಂದೆ, ಕೆಲಸ ಚೆನ್ನಾಗಿದೆ, ಮನೆಯೂ ಸಿಕ್ಕಿದೆ. ಆದರೆ ಮೂರು ವಾರದಿಂದ ಸಂಜೆಯಾದರೆ ಸುಮ್ನೆ ಅಳು ಬರುತ್ತದೆ, ಧ್ಯಾನದ ಆ್ಯಪ್ ಹಾಕಿಕೊಂಡರೂ ಮನಸ್ಸು ನಿಲ್ಲುತ್ತಿಲ್ಲ, ಬಂದಿದ್ದೇ ತಪ್ಪಾಯಿತೇನೋ ಅಂತ ಬರೆದಿದ್ದೀಯ. ಅಕ್ಕ ಅಂದಿದ್ದೀಯಲ್ಲ, ನಾನೂ ನೀನು ಅಂತಲೇ ಬರೆಯುತ್ತೇನೆ.

ನಿನಗೆ ಮೂರು ನಾಲ್ಕು ಸಂಕಟಗಳು ಒಟ್ಟಿಗೆ ಬಂದಿವೆ. ಅವನ್ನು ಬಿಡಿಸಿ ನೋಡದೆ "ಬಂದಿದ್ದೇ ತಪ್ಪು" ಅಂದುಬಿಟ್ಟರೆ ಯಾವುದಕ್ಕೂ ದಾರಿ ಸಿಗುವುದಿಲ್ಲ. ನನಗೆ ನೆಮ್ಮದಿ ಬಂದಿದ್ದು ಬಿಡಿಸಿ ನೋಡುವುದನ್ನು ಕಲಿತ ಮೇಲೆ.

ಮೊದಲು ಕತ್ತಲೆ. ನಿನ್ನ ಅಳುವಿನಲ್ಲಿ ಅದರ ಪಾಲು ನೀನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇರಬಹುದು. ದಾವಣಗೆರೆಯಲ್ಲಿ ವರ್ಷದ ಅತಿ ಚಿಕ್ಕ ಹಗಲಿನಲ್ಲೂ ಹನ್ನೊಂದು ಗಂಟೆಗಿಂತ ಜಾಸ್ತಿ ಬೆಳಕಿರುತ್ತದೆ. ಇಲ್ಲಿ ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಬೆಳಗ್ಗೆ 8.45ರ ಹೊತ್ತಿಗೆ ಹುಟ್ಟಿ, ಮಧ್ಯಾಹ್ನ 2.50ರೊಳಗೆ ಮುಳುಗಿಬಿಡುತ್ತಾನೆ. ನೀನು ಬಂದಾಗ ರಾತ್ರಿ ಎಂಟಕ್ಕೂ ಬೆಳಕಿತ್ತು, ಅಲ್ವಾ? ನಾಲ್ಕೇ ತಿಂಗಳಲ್ಲಿ ಅಷ್ಟೂ ಹೋಯಿತು. ಮೈಗೆ ಇದು ತಿಳಿಯದೆ ಇರುತ್ತದೆಯೇ? ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ನಿದ್ದೆ ಬರಿಸುವ ಮೆಲಟೋನಿನ್ ಕಡಿಮೆಯಾಗುತ್ತದೆ, ಮೈಯೊಳಗಿನ ಗಡಿಯಾರ ಸರಿಹೋಗುತ್ತದೆ. ಬೆಳಕೇ ಇಲ್ಲದಿದ್ದರೆ ಹಗಲೆಲ್ಲ ಮಂಪರು, ಬೇಸರ. ನಾರ್ಮನ್ ರೋಸೆಂತಾಲ್ ಎಂಬ ಮನೋವೈದ್ಯರು ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ಹೋದವರು. ಅಲ್ಲಿನ ಚಳಿಗಾಲದಲ್ಲಿ ತಮಗೇ ಉತ್ಸಾಹ ಕುಗ್ಗುವುದನ್ನು ಗಮನಿಸಿದರು. 1984ರಲ್ಲಿ ಅವರೂ ಅವರ ಜೊತೆಗಾರರೂ ಚಳಿಗಾಲದ ಈ ಖಿನ್ನತೆಯನ್ನು ವಿವರಿಸಿ ಪ್ರಬಂಧ ಬರೆದರು. ನಮ್ಮ ಹಾಗೆಯೇ ಬಿಸಿಲಿನ ನಾಡಿನಿಂದ ಬಂದವರು ಅವರು. ಈ ವಿಷಯ ಓದಿದಾಗ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ!

ಇದಕ್ಕಾಗಿಯೇ 10,000 ಲಕ್ಸ್‌ನ ದೀಪ ಸಿಗುತ್ತದೆ, ಲಕ್ಸ್ ಅಂದರೆ ಬೆಳಕಿನ ಅಳತೆ. ಬೆಳಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಅದರ ಮುಂದೆ ಕೂತು ತಿಂಡಿ ತಿನ್ನು. ಕಣ್ಣಿನ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳು. ವಿಟಮಿನ್ ಡಿ ಬಗ್ಗೆಯೂ ಕೇಳು. ಚಳಿಗಾಲದಲ್ಲಿ ಇಲ್ಲಿನ ಬಿಸಿಲು ಎಷ್ಟು ಓರೆ ಅಂದರೆ ಚರ್ಮ ಈ ವಿಟಮಿನ್ ತಯಾರಿಸುವುದಿಲ್ಲ.

ಎರಡನೆಯದು ಅಪ್ಪ ಅಮ್ಮನನ್ನು ಬಿಟ್ಟು ಬಂದ ಸಂಕಟ. ಇದು ಧ್ಯಾನದಿಂದ ಹೋಗುವುದಿಲ್ಲ. ಹೋಗಬೇಕು ಅಂತ ನಾನು ಬಯಸುವುದೂ ಇಲ್ಲ, ಪ್ರೀತಿ ಇರುವ ಕಡೆ ಅದು ಇದ್ದೇ ಇರುತ್ತದೆ. ಆದರೆ ಅದಕ್ಕೆ ದಿನದಲ್ಲಿ ಒಂದು ಹೊತ್ತು ಕೊಡಬಹುದು. ಚಳಿಗಾಲದಲ್ಲಿ ಊರು ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಕೆಲಸ ಮುಗಿಸಿ ಸಂಜೆ ಐದಕ್ಕೆ ಫೋನ್ ಮಾಡಿದರೆ ಅಲ್ಲಿ ಒಂಬತ್ತೂವರೆ. ಅಮ್ಮ ಆಕಳಿಸುತ್ತಾ ಮಾತಾಡುತ್ತಾರೆ, ನೀನು ಕತ್ತಲಲ್ಲಿ ಬಸ್ಸಿಗೆ ಕಾಯುತ್ತಿರುತ್ತೀಯ, ಫೋನ್ ಇಟ್ಟ ಮೇಲೆ ಇನ್ನೂ ಖಾಲಿ ಅನಿಸುತ್ತದೆ. ಅದರ ಬದಲು ಮಧ್ಯಾಹ್ನ ಹನ್ನೆರಡಕ್ಕೆ ಮಾಡು. ಅಲ್ಲಿ ನಾಲ್ಕೂವರೆ, ಕಾಫಿ ಹೊತ್ತು. ಕೋಟು, ಟೋಪಿ ಹಾಕಿಕೊಂಡು ಆಫೀಸಿನಿಂದ ಹೊರಗೆ ಬಂದು ನಡೆಯುತ್ತಾ ಮಾತಾಡು. ಬಿಸಿಲು ಇಲ್ಲದಿದ್ದರೂ ಪರವಾಗಿಲ್ಲ, ಮೋಡದ ಬೆಳಕೂ ಆಫೀಸಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಜಾಸ್ತಿ. ಕುಕ್ಕರಿನ ಸೀಟಿ, ಬೀದಿಯಲ್ಲಿ ಸೊಪ್ಪಿನವನ ಕೂಗು ಎಲ್ಲ ಕೇಳಿಸುತ್ತದೆ. ನನ್ನ ಚಳಿಗಾಲಗಳನ್ನು ದಾಟಿಸಿದ್ದು ಬೇರೆಲ್ಲಕ್ಕಿಂತ ಹೆಚ್ಚಾಗಿ ಈ ಮಧ್ಯಾಹ್ನದ ಫೋನು.

ಇನ್ನು ಜನ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಯಾರೂ ಕೂರುವುದಿಲ್ಲ, ನನ್ನನ್ನು ಕಂಡರೆ ಆಗುವುದಿಲ್ಲವೇನೋ ಅಂತ ಬರೆದಿದ್ದೀಯ. ಯಾರೂ ಕೂರಲಿಲ್ಲ ಅನ್ನುವುದು ಕಂಡಿದ್ದು. ನನ್ನನ್ನು ಕಂಡರೆ ಆಗುವುದಿಲ್ಲ ಅನ್ನುವುದು ಮನಸ್ಸು ಸೇರಿಸಿದ್ದು. ಇಲ್ಲಿನವರು ತಮ್ಮವರ ಪಕ್ಕದಲ್ಲೂ ಹಾಗೆ ಕೂರುವುದಿಲ್ಲ, ಬೇಕಿದ್ದರೆ ಗಮನಿಸು. ಆದರೆ ಯಾರಾದರೂ ನಿಜವಾಗಿಯೂ ಬಣ್ಣ ನೋಡಿ ಅವಮಾನ ಮಾಡಿದರೆ, ಉಸಿರು ಗಮನಿಸುತ್ತಾ ಕೂರಬೇಡ. ಅದು ನಿನ್ನ ಮನಸ್ಸಿನ ತೊಂದರೆ ಅಲ್ಲ. ಮ್ಯಾನೇಜರ್‌ಗೆ ಹೇಳು, ದೂರು ಕೊಡು. ಆಫೀಸಿನಲ್ಲಿ ಫಿಕಾಗೆ, ಅಂದರೆ ಇಲ್ಲಿನವರ ಕಾಫಿ ವಿರಾಮಕ್ಕೆ, ಕರೆದಾಗ ಮಾತ್ರ ತಪ್ಪಿಸಬೇಡ. ಕಾಫಿ, ದಾಲ್ಚಿನ್ನಿ ಬನ್ನು ಅಷ್ಟೇ ಅಲ್ಲ ಅದು, ಮಾತಾಡದ ಈ ಜನ ಮಾತಾಡುವ ಹೊತ್ತೇ ಅದು.

ಧ್ಯಾನದ ಬಗ್ಗೆ ಕೇಳಿದ್ದೀಯ. ಆ್ಯಪ್‌ಗಳಲ್ಲಿ ಮೈಂಡ್‌ಫುಲ್‌ನೆಸ್ (ಈ ಕ್ಷಣವನ್ನು ಇದ್ದ ಹಾಗೆ ಗಮನಿಸುವ ಅಭ್ಯಾಸ) ಅಂತ ಬರುವುದರಲ್ಲಿ ಎಷ್ಟೋ ಭಾಗ ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶುರು ಮಾಡಿದ ತರಗತಿಯಿಂದ ಬಂದಿದ್ದು. ದೀರ್ಘಕಾಲದ ನೋವಿನಿಂದ ಬಳಲುವವರಿಗೆ ಹೇಳಿಕೊಟ್ಟಿದ್ದು ಅದು. ನೋವು ಇರುವಾಗಲೇ ಅದರ ಜೊತೆ ಬದುಕುವುದು ಹೇಗೆ ಅನ್ನುವುದೇ ಅಲ್ಲಿನ ಪಾಠ. ನೀನು ಅಳು ನಿಲ್ಲಿಸಲು ಕೂರುತ್ತೀಯ, ನಿಲ್ಲದಿದ್ದಾಗ ಇನ್ನಷ್ಟು ಸಂಕಟ ಪಡುತ್ತೀಯ. ಆ ತರಗತಿಯಲ್ಲಿ ಒಂದು ಒಣದ್ರಾಕ್ಷಿಯನ್ನು ಕೈಯಲ್ಲಿ ಹಿಡಿದು, ನೋಡಿ, ಮೂಸಿ, ನಿಧಾನವಾಗಿ ತಿನ್ನಿಸುತ್ತಾರೆ. ನಾನು ಅದನ್ನು ಅಕ್ಕಿ ತೊಳೆಯುವಾಗ ಮಾಡುತ್ತೇನೆ. ನಲ್ಲಿ ನೀರು ಬೆರಳು ಕೊರೆಯುವಷ್ಟು ತಣ್ಣಗಿರುತ್ತದೆ. ಅಕ್ಕಿ ಬೆರಳ ಸಂದಿಯಲ್ಲಿ ಜಾರುತ್ತದೆ. ಮೊದಲ ನೀರು ಬೆಳ್ಳಗೆ, ಮೂರನೆಯದು ತಿಳಿ. ಅಷ್ಟರೊಳಗೆ ಎದೆಯಲ್ಲಿ ಏನಿದೆ ಅಂತ ಕೇಳಿಕೊಳ್ಳುತ್ತೇನೆ. ದಣಿವಾ, ಹಸಿವಾ, ಸಿಟ್ಟಾ, ಒಂಟಿತನವಾ? ಗೊತ್ತಾದರೆ ಮುಂದೆ ಏನು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ. ದಣಿವಾದರೆ ಮಲಗುತ್ತೇನೆ, ಒಂಟಿತನವಾದರೆ ಯಾರಿಗಾದರೂ ಫೋನ್ ಮಾಡುತ್ತೇನೆ.

ಓಡೆಸ್‌ಹೋಗ್‌ನ ಹತ್ತು ದಿನಗಳ ವಿಪಶ್ಯನ ಧ್ಯಾನ ಶಿಬಿರಕ್ಕೆ ಹೋಗಲಾ ಅಂತಲೂ ಕೇಳಿದ್ದೀಯ. ಶಿಬಿರ ಒಳ್ಳೆಯದೇ, ಆದರೆ ಈ ಚಳಿಗಾಲ ಬೇಡ. ಅಲ್ಲಿ ಮಾತಿಲ್ಲ, ಫೋನ್ ಇಲ್ಲ. ನಿನಗೆ ಈಗ ಮೌನ ಸಾಕಷ್ಟಿದೆ, ಬೇಕಾಗಿರುವುದು ಮಾತು.

ವಾಪಸ್ ಹೋಗುವ ವಿಷಯ ಮೇ ಕೊನೆಗೆ ಯೋಚಿಸು. ಆಗ ಬೆಳಗಿನ ಜಾವ ನಾಲ್ಕಕ್ಕೂ ಮೊದಲೇ ಸೂರ್ಯ ಹುಟ್ಟುತ್ತಾನೆ. ಆಗಲೂ ದಾವಣಗೆರೆಯೇ ಬೇಕು ಅನಿಸಿದರೆ ಖಂಡಿತ ಹೋಗು, ಅದರಲ್ಲಿ ಸೋಲು ಅನ್ನುವಂಥದ್ದು ಏನೂ ಇಲ್ಲ. ಆದರೆ ಮೂರು ವಾರದ ಅಳುವನ್ನು ಅಲ್ಲಿಯವರೆಗೆ ಎಳೆಯಬೇಡ. ನಾಳೆಯೇ 1177ಕ್ಕೆ, ಇಲ್ಲಿನ ಆರೋಗ್ಯ ಸಲಹೆಯ ನಂಬರಿಗೆ, ಫೋನ್ ಮಾಡು. ನರ್ಸ್ ಮಾತಾಡುತ್ತಾರೆ, ಇಂಗ್ಲಿಷ್‌ನಲ್ಲೇ ಹೇಳಬಹುದು. ನಿದ್ದೆ, ಊಟ ಹೇಗಿದೆ ಅನ್ನುವುದನ್ನೂ ಮುಚ್ಚಿಡದೆ ಹೇಳು. ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಎಷ್ಟು ಹೊತ್ತಾಗಿದ್ದರೂ ತುರ್ತು ಸಹಾಯದ 112ಕ್ಕೆ ಫೋನ್ ಮಾಡು. ನರ್ಸ್ ಏನಂದರು ಅಂತ ಸಂಜೆ ನನಗೆ ತಿಳಿಸು. ಭಾನುವಾರ ಬಿಡುವಿದ್ದರೆ ಊಟಕ್ಕೆ ಬಾ, ಅನ್ನ ಸಾರು ಮಾಡಿರುತ್ತೇನೆ.